ಪಹರೆಯ ಬಂಡಿ, ಪ್ರವಾಸದ ಬಂಡಿ, ಮನೆಯ ಬಂಡಿ

ಈ ವರ್ಷ ಅರಿಸಿನದ ಮಾರಾಟವಾದ ಮೇಲೆ ಶಾಲೆಗೆ ಬಂದ ಪೋಷಕರಲ್ಲಿ ಹಲವರು, ಮಕ್ಕಳ ಅಂಕಪಟ್ಟಿಯ ವಿಚಾರವನ್ನು ಮುಗಿಸಿ ಏಳುವ ಮುನ್ನ, ನಮ್ಮನ್ನು ಒಂದೇ ಪ್ರಶ್ನೆಯನ್ನು ಕೇಳಿದರು. "ಮೇಷ್ಟ್ರೇ, ಹುಡುಗ ದೊಡ್ಡ ಮೋಟಾರು ಸೈಕಲ್ಲೇ ಬೇಕೆಂದು ಹಟ ಹಿಡಿದಿದ್ದಾನೆ. ಪೊಲೀಸಿನವರು ಓಡಿಸುವಂಥದು ಗಟ್ಟಿಮುಟ್ಟಾಗಿರುತ್ತದೆ ಎನ್ನುತ್ತಾನೆ. ಕೊಡಿಸಬಹುದೋ?" ಹುಡುಗರ ಮನಸ್ಸು ಅತ್ತ ಹರಿಯುವುದು ಸಹಜವೇ ಸರಿ. ನಮ್ಮ ತಾಳವಾಡಿ ಸೀಮೆಗೆ ಬೆಂಗಳೂರು–ಕೊಯಮತ್ತೂರು ಹೆದ್ದಾರಿಯು ದೂರವಲ್ಲ. ವಾರದ ಕೊನೆಯಲ್ಲಿ ಪಟ್ಟಣದ ಸವಾರರು ಹತ್ತು ಹನ್ನೆರಡು ಮಂದಿ ಒಟ್ಟುಗೂಡಿ, ಪೆಟ್ಟಿಗೆ ಚೀಲಗಳನ್ನು ಬಿಗಿದ ಭಾರಿ ಬಂಡಿಗಳ ಮೇಲೆ ಹಾಸನೂರನ್ನು ದಾಟಿ ದಿಂಬಂ ಘಾಟಿಯನ್ನು ಇಳಿಯುವುದನ್ನು ನಮ್ಮ ಮಕ್ಕಳು ನಿಂತು ನೋಡುತ್ತಾರೆ. ಮಂತ್ರಿಗಳ ಮುಂದೆ ದೀಪ ಮಿನುಗಿಸುತ್ತ ಸಾಗುವ ಪೊಲೀಸು ಬಂಡಿಯನ್ನು ಚಲಚ್ಚಿತ್ರಗಳಲ್ಲಿ ನೋಡುತ್ತಾರೆ. ಮನೆಯಲ್ಲಿ ತಂದೆಯ ನೂರು ಸಿ.ಸಿ. ಬಂಡಿಯು ಇವೆರಡರ ಮುಂದೆ ಬಡಕಲಾಗಿ ಕಾಣುತ್ತದೆ. ಪ್ರತಿಯೊಬ್ಬರಿಗೂ ಕಚೇರಿಯಲ್ಲಿ ನಿಂತು ಉತ್ತರಿಸುವುದಕ್ಕಿಂತ, ಸಂಘದ ಈ ಸಂಚಿಕೆಯಲ್ಲಿ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುವುದು ಲೇಸೆಂದು ನಾವು ಭಾವಿಸಿದೆವು.

ಗಾಣಕ್ಕೆ ಕಟ್ಟುವ ಎತ್ತನ್ನೂ ಗಾಡಿಗೆ ಹೂಡುವ ಎತ್ತನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರಿಲ್ಲ. ಮೋಟಾರು ಸೈಕಲ್ಲಿನ ವಿಷಯದಲ್ಲಿಯೂ ಹಾಗೆಯೇ. ಅದು ಮಾಡಬೇಕಾದ ಕೆಲಸ ಯಾವುದೆಂದು ಮೊದಲು ತಿಳಿಯದೆ ಗಾತ್ರವನ್ನಾಗಲಿ ಸದ್ದನ್ನಾಗಲಿ ಹೊಗಳುವುದರಲ್ಲಿ ಅರ್ಥವಿಲ್ಲ.

ಪೊಲೀಸು ಬಂಡಿಯ ಕೆಲಸವನ್ನೇ ಮೊದಲು ನೋಡೋಣ. ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸರು ೧೯೦೮ರಲ್ಲಿಯೇ ಹಾರ್ಲೆ–ಡೇವಿಡ್‌ಸನ್ ಬಂಡಿಯನ್ನು ಕೆಲಸಕ್ಕೆ ತೆಗೆದುಕೊಂಡರು. ಅಂದಿನಿಂದ ಇಂದಿನವರೆಗೆ ಆ ಕೆಲಸದ ಸ್ವರೂಪ ಹೆಚ್ಚು ಬದಲಾಗಿಲ್ಲ. ಪೊಲೀಸು ಬಂಡಿಯು ಸದಾ ವೇಗವಾಗಿ ಓಡುತ್ತಿರುವುದೆಂದು ಮಕ್ಕಳು ಎಣಿಸುತ್ತಾರೆ. ವಾಸ್ತವವಾಗಿ ಅದರ ಆಯುಸ್ಸಿನ ಬಹುಭಾಗವು ನಿಂತಿರುವುದರಲ್ಲಿಯೂ ತೆವಳುವುದರಲ್ಲಿಯೂ ಕಳೆಯುತ್ತದೆ. ಚೌಕದಲ್ಲಿ ಎಂಜಿನನ್ನು ಆರಿಸದೆ ಬಿಸಿಲಿನಲ್ಲಿ ನಿಲ್ಲಬೇಕು. ಮೆರವಣಿಗೆಯ ಮುಂದೆ ಕಾಲ್ನಡಿಗೆಯ ವೇಗದಲ್ಲಿ ಗಂಟೆಗಟ್ಟಲೆ ಸಾಗಬೇಕು. ಹಾಗಿರುವಾಗಲೇ ಥಟ್ಟನೆ ಚಿಮ್ಮಿ ಯಾರನ್ನೋ ಬೆನ್ನಟ್ಟಬೇಕು, ಮತ್ತೆ ಬಂದು ನಿಲ್ಲಬೇಕು. ಗಾಳಿಯಿಂದ ತಣಿಯುವ ಎಂಜಿನಿಗೆ ನಿಂತಿರುವುದಕ್ಕಿಂತ ದೊಡ್ಡ ಶಿಕ್ಷೆ ಮತ್ತೊಂದಿಲ್ಲ, ಏಕೆಂದರೆ ಬಂಡಿ ಓಡಿದರೆ ತಾನೇ ಗಾಳಿ ಬೀಸುವುದು! ಈ ಕಾರಣದಿಂದಲೇ ದೊಡ್ಡ ಹಾರ್ಲೆ ಬಂಡಿಗಳಲ್ಲಿ, ನಿಂತಲ್ಲಿ ಎಂಜಿನು ಅತಿಯಾಗಿ ಕಾದರೆ ಎರಡು ಸಿಲಿಂಡರುಗಳಲ್ಲಿ ಹಿಂದಿನದು ತಾನಾಗಿಯೇ ಕೆಲಸ ನಿಲ್ಲಿಸುವ ಏರ್ಪಾಡನ್ನು ಮಾಡಿದರು.

ಇನ್ನು ವಿದ್ಯುತ್ತಿನ ಹೊರೆ. ಮಿನುಗುವ ದೀಪಗಳು, ಸೈರನ್ನು, ನಿಸ್ತಂತು ವಾರ್ತಾಯಂತ್ರ, ಇವೆಲ್ಲವೂ ಬಂಡಿ ನಿಂತಿರುವಾಗಲೂ ನಡೆಯಬೇಕು. ಆದುದರಿಂದ ವಿದ್ಯುತ್ತನ್ನು ಹುಟ್ಟಿಸುವ ಆಲ್ಟರ್ನೇಟರು ಸಾಮಾನ್ಯ ಬಂಡಿಯದಕ್ಕಿಂತ ಸಮರ್ಥವಾದುದಾಗಿರಬೇಕಾಗುತ್ತದೆ. ಆಸನವು ಒಬ್ಬನಿಗೆ ಮಾತ್ರ. ಹಾರ್ಲೆಯ ಪೊಲೀಸು ಮಾದರಿಯಲ್ಲಿ ಅದಕ್ಕೆ ಗಾಳಿ ತುಂಬಿದ ಆಧಾರವುಂಟು, ಎಂಟು ಗಂಟೆ ಕುಳಿತವನ ಸೊಂಟ ಉಳಿಯಲಿ ಎಂದು. ವೇಗಮಾಪಕವನ್ನು ವಿಶೇಷವಾಗಿ ಪರೀಕ್ಷಿಸಿ ಪ್ರಮಾಣೀಕರಿಸಿರುತ್ತಾರೆ. ಏಕೆಂದರೆ ಮುಂದಿನ ಕಾರು ಇಷ್ಟು ವೇಗದಲ್ಲಿತ್ತೆಂದು ನ್ಯಾಯಾಲಯದಲ್ಲಿ ಹೇಳಬೇಕಾದವನು ಅದೇ ಮುಳ್ಳನ್ನು ನಂಬಬೇಕು. ಇಂಥ ಬಂಡಿಯ ತೂಕವು ಮುನ್ನೂರೈವತ್ತು ಕಿಲೋವನ್ನು ಮೀರುತ್ತದೆ. ಕವಾಸಾಕಿ ಸಂಸ್ಥೆಯು ೧೯೮೨ರಿಂದ ೨೦೦೫ರವರೆಗೆ ಅಮೆರಿಕದ ಲಿಂಕನ್ ನಗರದ ತನ್ನ ಕಾರ್ಖಾನೆಯಲ್ಲಿ ಸಾವಿರ ಸಿ.ಸಿ.ಯ ಒಂದೇ ಪೊಲೀಸು ಮಾದರಿಯನ್ನು ಹೆಚ್ಚು ಮಾರ್ಪಾಡಿಲ್ಲದೆ ತಯಾರಿಸಿತು. ಪೇಟೆಯಲ್ಲಿ ಹೊಸ ಹೊಸ ಬಂಡಿಗಳು ಬಂದರೂ ಪೊಲೀಸರಿಗೆ ಬೇಕಾದುದು ಹೊಸತನವಲ್ಲ, ಪರಿಚಿತವಾದ ಬಿಡಿಭಾಗಗಳು ಮತ್ತು ಪರಿಚಿತವಾದ ದುರಸ್ತಿ.

ನಮ್ಮ ದೇಶದಲ್ಲಿ ಈ ಸ್ಥಾನವನ್ನು ಬಹುಕಾಲ ಪಡೆದಿದ್ದುದು ಬುಲೆಟ್. ಗಡಿಯ ಕಾವಲಿಗಾಗಿ ಸರ್ಕಾರವು ೧೯೫೦ರ ದಶಕದ ಮೊದಲರ್ಧದಲ್ಲಿ ೩೫೦ ಸಿ.ಸಿ.ಯ ಬುಲೆಟ್ಟುಗಳನ್ನು ತರಿಸಿತು. ೧೯೫೫ರಲ್ಲಿ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯು ಮದರಾಸಿನಲ್ಲಿ ಸ್ಥಾಪಿತವಾಯಿತು. ಇಂಗ್ಲೆಂಡಿನ ಮೂಲ ಸಂಸ್ಥೆ ಮುಚ್ಚಿಹೋದರೂ ಬುಲೆಟ್ ನಮ್ಮಲ್ಲಿ ಉಳಿಯಿತು. ಠಾಣೆಯ ಇನ್‌ಸ್ಪೆಕ್ಟರು ಬರುವುದನ್ನು ಅದರ ಡುಗುಡುಗು ಶಬ್ದದಿಂದಲೇ ಊರು ತಿಳಿಯುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಅದೇ ಹಿರಿಯರಲ್ಲಿ ಕೆಲವರು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬಂಡಿಗಳೇ ಮೇಲೆಂದು ಇಂದಿಗೂ ವಾದಿಸುವರು. ಆ ಕಾರ್ಖಾನೆಯು ೧೯೯೬ರಲ್ಲಿ ಮುಚ್ಚಿತು, ವಾದ ಮಾತ್ರ ಮುಚ್ಚಲಿಲ್ಲ.

ಪ್ರವಾಸದ ಬಂಡಿಯ ಕೆಲಸ ಇದಕ್ಕೆ ತದ್ವಿರುದ್ಧ. ಅದು ನಿಲ್ಲುವುದೇ ಅಪರೂಪ. ಒಂದೇ ವೇಗದಲ್ಲಿ ನಾಲ್ಕೈದು ಗಂಟೆ ಓಡುವುದು, ಇಬ್ಬರನ್ನೂ ಅವರ ಸಾಮಾನುಗಳನ್ನೂ ಹೊರುವುದು, ಸವಾರನ ಎದೆಗೆ ಗಾಳಿ ಬಡಿಯದಂತೆ ತಡೆಯುವುದು ಅದರ ಧರ್ಮ. ಹೋಂಡಾ ಗೋಲ್ಡ್‌ವಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ೧೯೭೫ರಲ್ಲಿ ಸಾವಿರ ಸಿ.ಸಿ.ಯ ನಾಲ್ಕು ಸಿಲಿಂಡರುಗಳಿಂದ ಆರಂಭವಾದ ಅದು ಮುಂದೆ ಆರು ಸಿಲಿಂಡರುಗಳಿಗೆ ಬೆಳೆಯಿತು, ಈಗ ೧೮೩೩ ಸಿ.ಸಿ.ಯದಾಗಿದೆ. ಸರಪಳಿಯ ಬದಲು ಹಿಂದಿನ ಚಕ್ರಕ್ಕೆ ಶಕ್ತಿಯನ್ನು ಒಯ್ಯುವುದು ಒಂದು ಉಕ್ಕಿನ ದಂಡ. ಸಾವಿರಾರು ಮೈಲಿ ಹೋಗುವವನು ದಾರಿಯಲ್ಲಿ ಸರಪಳಿಗೆ ಎಣ್ಣೆ ಹಾಕುತ್ತ ಕೂರಲಾರನಷ್ಟೆ. ಎಲ್ಲಕ್ಕಿಂತ ವಿನೋದವೆಂದರೆ, ಅದನ್ನು ಕಾಲಿನಿಂದ ಒದ್ದು ಹಿಂದಕ್ಕೆ ತಳ್ಳಲಾಗದಷ್ಟು ಭಾರವಾದುದರಿಂದ ಹಿಮ್ಮುಖವಾಗಿ ಚಲಿಸುವ ವ್ಯವಸ್ಥೆಯನ್ನೂ ಅದಕ್ಕೆ ಅಳವಡಿಸಿದ್ದಾರೆ! ನಮ್ಮ ಓಣಿಯೊಂದರಲ್ಲಿ, ಒಂದು ಕಡೆ ತಿಪ್ಪೆ ಇನ್ನೊಂದು ಕಡೆ ಕಟ್ಟಿದ ಎಮ್ಮೆ ಇರುವಲ್ಲಿ, ಇಂಥ ಬಂಡಿಯನ್ನು ತಿರುಗಿಸುವ ದೃಶ್ಯವನ್ನು ಓದುಗರು ಊಹಿಸಿಕೊಳ್ಳಲಿ.

ಪಾಶ್ಚಾತ್ಯ ದೇಶಗಳಲ್ಲಿ ಪ್ರವಾಸದ ಬಂಡಿಯನ್ನೇ ಮಾರ್ಪಡಿಸಿ ಪೊಲೀಸರಿಗೆ ಕೊಡುವುದು ರೂಢಿ. ಒಂದರ ಕೆಲಸಕ್ಕೆ ಮಾಡಿದ ಯಂತ್ರವನ್ನು ಮತ್ತೊಂದರ ಕೆಲಸಕ್ಕೆ ಹೂಡುವಾಗ ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ಅನುಭವವೊಂದುಂಟು. ಅಲ್ಲಿನ ಹಲವು ಪೊಲೀಸು ಪಡೆಗಳು ೨೦೦೭ರಲ್ಲಿ ತಮ್ಮ ಬಳಿಯಿದ್ದ ಒಂದು ಪ್ರವಾಸಿ ಮಾದರಿಯ ಬಂಡಿಗಳನ್ನು ಕೆಲಸದಿಂದ ಹಿಂದೆಗೆದವು. ಹಿಂಭಾಗದಲ್ಲಿ ಪೊಲೀಸು ಸಾಮಗ್ರಿಯ ಪೆಟ್ಟಿಗೆಗಳನ್ನು ಹೊತ್ತು ಅತಿ ವೇಗದಲ್ಲಿ ಹೋಗುವಾಗ ಬಂಡಿಯು ಹಾವಿನಂತೆ ಎಡಕ್ಕೂ ಬಲಕ್ಕೂ ಬಳುಕತೊಡಗುತ್ತಿತ್ತು. ಒಬ್ಬ ಅಧಿಕಾರಿಯ ಪ್ರಾಣವೇ ಹೋಗಿತ್ತು. ಭಾರವನ್ನು ಹಿಂದಿನ ಅಚ್ಚಿನಿಂದಾಚೆಗೆ, ಎತ್ತರದಲ್ಲಿ ಕಟ್ಟಿದಾಗ ಮುಂದಿನ ಚಕ್ರವು ಹಗುರವಾಗಿ ನೆಲದ ಮೇಲಿನ ಹಿಡಿತ ಸಡಿಲವಾಗುವುದು, ಹಿಂದಿನ ಭಾರವು ಲೋಲಕದಂತೆ ತೂಗತೊಡಗುವುದು. ಪರದೇಶದ ಈ ಸಂಗತಿ ನಮಗೇಕೆಂದು ಕೇಳುವವರು ಗ್ಯಾಸ್ ಸಿಲಿಂಡರನ್ನು ಬಂಡಿಯ ತೀರ ಹಿಂದಕ್ಕೆ ಹಗ್ಗದಿಂದ ಬಿಗಿದು ಬರುವ ನಮ್ಮ ನೆರೆಯವರನ್ನು ನೋಡಬೇಕು. ಹದಿನಾಲ್ಕು ಕಿಲೋ ಅನಿಲವಿರುವ ಸಿಲಿಂಡರು ತನ್ನ ಕಬ್ಬಿಣವೂ ಸೇರಿ ಮೂವತ್ತು ಕಿಲೋದಷ್ಟು ತೂಗುತ್ತದೆ. ಹಾಲಿನವರು ಕ್ಯಾನುಗಳನ್ನು ಎರಡೂ ಪಕ್ಕಕ್ಕೆ ಸಮವಾಗಿ, ಚಕ್ರದ ಅಚ್ಚಿನ ಹತ್ತಿರ, ಆದಷ್ಟು ಕೆಳಗೆ ತೂಗುಬಿಡುವರಲ್ಲ, ಅದು ಶಾಸ್ತ್ರೋಕ್ತವಾದ ಪದ್ಧತಿ. ಯಾವ ಎಂಜಿನಿಯರನೂ ಅವರಿಗೆ ಹೇಳಿಕೊಟ್ಟುದಲ್ಲ.

ಈಗ ಮನೆಯ ಬಂಡಿ. ೧೯೮೦ರಲ್ಲಿ ಹೊಸೂರಿನ ಟಿ.ವಿ.ಎಸ್. ಕಾರ್ಖಾನೆಯಿಂದ ಹೊರಬಂದ ಟಿ.ವಿ.ಎಸ್. ೫೦ ಎಂಬ ಇಬ್ಬರು ಕೂರುವ ಮೊಪೆಡ್ಡು, ೧೯೮೫ರ ಹೀರೋ ಹೋಂಡಾ ಸಿ.ಡಿ. ೧೦೦, ೧೯೯೪ರ ಸ್ಪ್ಲೆಂಡರ್, ಇವು ಹಳ್ಳಿಯ ಬದುಕನ್ನು ಬದಲಿಸಿದಷ್ಟು ಯಾವ ಭಾರಿ ಬಂಡಿಯೂ ಬದಲಿಸಲಿಲ್ಲ. ಸ್ಪ್ಲೆಂಡರಿನ ಎಂಜಿನು ೯೭ ಸಿ.ಸಿ., ಶಕ್ತಿ ಸುಮಾರು ಎಂಟು ಅಶ್ವಶಕ್ತಿ, ತೂಕ ಸುಮಾರು ೧೧೨ ಕಿಲೋ. ಈಗಿನ ೩೫೦ ಸಿ.ಸಿ. ಬುಲೆಟ್ಟಿಗೆ ಇಪ್ಪತ್ತು ಅಶ್ವಶಕ್ತಿ, ೧೯೫ ಕಿಲೋ. ಮನೆಯ ಬಂಡಿಯ ಕೆಲಸವೆಂದರೆ ಐದು ಕಿಲೋಮೀಟರು ಹೋಗಿ ನಿಲ್ಲುವುದು, ಸೊಸೈಟಿಗೆ ಹಾಲು ಹಾಕುವುದು, ಮಗಳನ್ನು ಬಸ್ಸಿಗೆ ಬಿಡುವುದು, ಗೊಬ್ಬರದ ಚೀಲ ತರುವುದು, ಮತ್ತು ಇದನ್ನೆಲ್ಲ ಕಡಿಮೆ ಪೆಟ್ರೋಲಿನಲ್ಲಿ ಮಾಡುವುದು. ಮಕ್ಕಳೇ, ಒಂದು ಲೆಕ್ಕ ಮಾಡಿ ನೋಡಿ. ದಿನಕ್ಕೆ ೩೦ ಕಿಲೋಮೀಟರಿನಂತೆ ವರ್ಷಕ್ಕೆ ೩೦೦ ದಿನ ಓಡಿದರೆ ೯,೦೦೦ ಕಿಲೋಮೀಟರು. ಲೀಟರಿಗೆ ೬೦ ಕಿಲೋಮೀಟರು ಕೊಡುವ ಬಂಡಿಗೆ ೧೫೦ ಲೀಟರು ಸಾಕು, ೩೫ ಕೊಡುವುದಕ್ಕೆ ೨೫೭ ಲೀಟರು ಬೇಕು. ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ ಹತ್ತು ಸಾವಿರದ ಏಳು ನೂರು ರೂಪಾಯಿಗಳ ವ್ಯತ್ಯಾಸ. ಸಾಲದ ಕಂತು ಬೇರೆ.

ಕೆಲವರು ಇದಕ್ಕೆ ಉಪಾಯವಾಗಿ ಇಲಾಖೆಗಳು ಹರಾಜು ಹಾಕುವ ಹಳೆಯ ಬಂಡಿಯನ್ನು ಅಗ್ಗಕ್ಕೆ ಕೊಳ್ಳಬಹುದೆನ್ನುವರು. ಕೊಳ್ಳುವವರು ಎರಡು ಸಂಗತಿಗಳನ್ನು ಅರಿತಿರಲಿ. ಮೀಟರು ತೋರಿಸುವುದು ಓಡಿದ ದೂರವನ್ನು, ಉರಿದ ಗಂಟೆಗಳನ್ನಲ್ಲ. ನಿಂತಲ್ಲೇ ವರ್ಷಗಟ್ಟಲೆ ಉರಿದ ಎಂಜಿನಿನ ಸವೆತಕ್ಕೆ ಆ ಅಂಕಿಯಲ್ಲಿ ಜಾಗವೇ ಇಲ್ಲ. ಎರಡನೆಯದು ಇನ್ನೂ ಮುಖ್ಯ: ಹಳೆಯ ಬುಲೆಟ್ಟುಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಇಪ್ಪತ್ತು ವರ್ಷ ಸ್ಪ್ಲೆಂಡರ್ ಓಡಿಸಿದವನು ಗಾಬರಿಯಲ್ಲಿ ಬಲಗಾಲನ್ನು ಒತ್ತುವನು, ಬಂಡಿಯು ನಿಲ್ಲುವ ಬದಲು ಗೇರು ಬದಲಾಯಿಸುವುದು.

ನಮ್ಮ ಸೀಮೆಯವರಿಗೆ ಈ ಮೂರೂ ಬಂಡಿಗಳ ಭೇದವು ಚೆನ್ನಾಗಿ ಅರಿವಾಗುವುದು ದಿಂಬಂ ಘಾಟಿಯಲ್ಲಿ. ಬಣ್ಣಾರಿಯವರೆಗೆ ಇಪ್ಪತ್ತೇಳು ಕಡಿದಾದ ತಿರುವುಗಳು, ಎದುರಿಗೆ ಇಡೀ ರಸ್ತೆಯನ್ನು ಆಕ್ರಮಿಸಿ ತಿರುಗುವ ಲಾರಿಗಳು. ಸ್ಪ್ಲೆಂಡರಿನಂಥ ಬಂಡಿಯ ಮೇಲೆ ಇಬ್ಬರು ಕುಳಿತರೆ ಒಟ್ಟು ತೂಕ ೨೪೦ ಕಿಲೋ ಎನ್ನೋಣ. ಅದು ನೂರು ಮೀಟರು ಎತ್ತರವನ್ನು ಇಳಿಯುವಾಗ ಬಿಡುಗಡೆಯಾಗುವ ಶಕ್ತಿ, ೨೪೦ನ್ನು ೯.೮ರಿಂದಲೂ ಮತ್ತೆ ೧೦೦ರಿಂದಲೂ ಗುಣಿಸಿದರೆ, ಸುಮಾರು ೨,೩೫,೦೦೦ ಜೂಲು. ಅಷ್ಟು ಶಾಖವು ಮುಕ್ಕಾಲು ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲುದು. ಘಾಟಿಯ ಇಳಿತವು ನೂರೇ ಮೀಟರಲ್ಲ, ಅದರ ಹಲವು ಪಟ್ಟು. ವೇಗವು ಏರದಂತೆ ಇಳಿಯಬೇಕಾದರೆ ಈ ಶಕ್ತಿಯೆಲ್ಲ ಎಲ್ಲಿಯಾದರೂ ಹೋಗಲೇಬೇಕು. ಕೆಳಗಿನ ಗೇರಿನಲ್ಲಿಟ್ಟು ಇಳಿದರೆ ಬಹುಪಾಲನ್ನು ಎಂಜಿನೇ ನುಂಗಿಕೊಳ್ಳುವುದು. ಪೆಟ್ರೋಲು ಉಳಿಸುವ ಆಸೆಯಿಂದ ಎಂಜಿನನ್ನು ಆರಿಸಿ ನ್ಯೂಟ್ರಲಿನಲ್ಲಿ ಬಿಟ್ಟರೆ, ಗಾಳಿಯ ಪಾಲನ್ನು ಕಳೆದು ಉಳಿದ ಶಾಖವೆಲ್ಲ ಬ್ರೇಕಿನ ಡ್ರಮ್ಮಿನೊಳಗೆ ಸೇರುವುದು. ಕಾದ ಬ್ರೇಕಿನ ಪಟ್ಟಿಯು ಹಿಡಿತವನ್ನು ಕಳೆದುಕೊಳ್ಳುತ್ತದೆ. ಹದಿನೈದನೆಯ ತಿರುವಿನಲ್ಲಿ ಹಿಡಿದ ಬ್ರೇಕು ಇಪ್ಪತ್ತನೆಯದರಲ್ಲಿ ಹಿಡಿಯದೆ ಹೋಗಬಹುದು. ಉಳಿತಾಯದ ಮಾತೂ ಹಳೆಯದಾಯಿತು: ೨೦೨೦ರ ಏಪ್ರಿಲಿನಲ್ಲಿ ಹೊಸ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಬಂಡಿಗಳಲ್ಲಿ ಪೆಟ್ರೋಲನ್ನು ಇಂಜೆಕ್ಷನ್ ವ್ಯವಸ್ಥೆಯೇ ಅಳೆದು ಕೊಡುತ್ತದೆ. ಗೇರಿನಲ್ಲಿದ್ದು ಆಕ್ಸಿಲರೇಟರನ್ನು ಪೂರ್ಣ ಬಿಟ್ಟು ಇಳಿಯುವಾಗ ಅದು ಸಾಮಾನ್ಯವಾಗಿ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಬಂಡಿಯು ಭಾರವಾದಷ್ಟೂ ಈ ಲೆಕ್ಕದ ಮೊತ್ತ ಹೆಚ್ಚುವುದೆಂಬುದನ್ನು ದೊಡ್ಡ ಬಂಡಿ ಬೇಕೆನ್ನುವ ಹುಡುಗರು ತಾವೇ ಗುಣಿಸಿ ನೋಡಲಿ.

ವೇಗದ ಲೆಕ್ಕವೂ ಹಾಗೆಯೇ. ಒಣಗಿದ ಒಳ್ಳೆಯ ರಸ್ತೆಯಲ್ಲಿ, ಪ್ರತಿ ಸೆಕೆಂಡಿಗೆ ವೇಗವು ಸೆಕೆಂಡಿಗೆ ಆರು ಮೀಟರಿನಂತೆ ಇಳಿಯುವ ಹಾಗೆ ಬ್ರೇಕು ಹಾಕಿದರೂ, ಅಪಾಯವನ್ನು ಕಂಡು ಕೈ ಆಡಲು ಒಂದು ಸೆಕೆಂಡು ಬೇಕು. ಇವೆರಡನ್ನೂ ಕೂಡಿಸಿದರೆ ೪೦ ಕಿಲೋಮೀಟರು ವೇಗದಲ್ಲಿ ನಿಲ್ಲಲು ಸುಮಾರು ೨೧ ಮೀಟರು, ೬೦ರಲ್ಲಿ ೪೦ ಮೀಟರು, ೮೦ರಲ್ಲಿ ೬೩ ಮೀಟರು ಬೇಕಾಗುವುದು. ವೇಗ ಇಮ್ಮಡಿಯಾದರೆ ದೂರ ಮುಮ್ಮಡಿ. ಹಾಸನೂರಿನ ಕಾಡುದಾರಿಯಲ್ಲಿ ಲಾರಿಗಳಿಂದ ಬಿದ್ದ ಕಬ್ಬಿಗಾಗಿ ರಸ್ತೆಯಂಚಿಗೆ ಬಂದು ನಿಲ್ಲುವ ಆನೆಯು, ಮುಸ್ಸಂಜೆಯಲ್ಲಿ, ಬಂಡಿಯ ದೀಪಕ್ಕೆ ಅಷ್ಟು ದೂರದಿಂದ ಕಾಣುವುದೆಂಬ ಭರವಸೆಯಿಲ್ಲ.

ಹಾಗಾದರೆ ಪೊಲೀಸು ಸವಾರನು ಮುನ್ನೂರೈವತ್ತು ಕಿಲೋದ ಬಂಡಿಯನ್ನು ಜನಜಂಗುಳಿಯಲ್ಲಿ ಬೀಳದೆ ನಡೆಸುವುದು ಹೇಗೆ? ಇಲ್ಲಿಯೇ ನಮ್ಮ ಹುಡುಗರು ಕಾಣದ ಅಂಶವಿರುವುದು. ಅಮೆರಿಕದ ಹಲವು ಕಡೆಗಳಲ್ಲಿ ಬಂಡಿಯನ್ನು ಕೈಗೆ ಕೊಡುವ ಮೊದಲು ಎರಡು ವಾರ, ಸುಮಾರು ಎಂಬತ್ತು ಗಂಟೆ, ಶಿಕ್ಷಣ ಕೊಡುವರು. ಅದರಲ್ಲಿ ವೇಗದ ಸಾಹಸಕ್ಕಿಂತ ನಿಧಾನದ ಅಭ್ಯಾಸಕ್ಕೆ ಹೆಚ್ಚು ಕಾಲ. ನೆಲದ ಮೇಲೆ ಶಂಕುಗಳನ್ನಿಟ್ಟು, ಅವುಗಳ ನಡುವೆ ಕಾಲೂರದೆ ಎಂಟರ ಆಕಾರದಲ್ಲಿ ತಿರುಗಬೇಕು, ಇಕ್ಕಟ್ಟಿನಲ್ಲಿ ಪೂರ್ಣ ಹಿಂದಿರುಗಬೇಕು. ಕ್ಲಚ್ಚನ್ನು ಪೂರ್ಣ ಬಿಡದೆ ಪೂರ್ಣ ಒತ್ತದೆ, ಅದು ಅರೆಹಿಡಿತದಲ್ಲಿರುವ ಸ್ಥಾನದಲ್ಲಿ ಬೆರಳನ್ನು ನಿಲ್ಲಿಸುವುದು, ಎಂಜಿನಿನ ವೇಗವನ್ನು ಸಮನಾಗಿಡುವುದು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿರುವುದು, ಈ ಮೂರೂ ಏಕಕಾಲದಲ್ಲಿ ನಡೆಯಬೇಕು. ನಾಲ್ಕನೆಯದು ಕಣ್ಣು. ತಿರುವಿನಲ್ಲಿ ಚಕ್ರದ ಮುಂದಿನ ನೆಲವನ್ನು ನೋಡಿದವನು ಬೀಳುತ್ತಾನೆ. ತಿರುವು ಮುಗಿಯುವ ಜಾಗವನ್ನು, ತಲೆಯನ್ನೇ ಪೂರ್ತಿ ತಿರುಗಿಸಿ ನೋಡುವವನು ದಾಟುತ್ತಾನೆ. ದಿಂಬಂ ತಿರುವುಗಳಲ್ಲಿ ಎದುರು ಲಾರಿಯನ್ನೇ ದಿಟ್ಟಿಸಿ ಅದರತ್ತಲೇ ಸಾಗಿದವರ ಕಥೆಗಳನ್ನು ಕೇಳಿದ್ದೇವೆ. ನೋಟ ಹೋದ ಕಡೆಗೆ ಕೈಯೂ ಹೋಗುವುದೆಂಬುದೇ ಅದರ ಕಾರಣ.

ಬ್ರೇಕಿನ ಅಭ್ಯಾಸವೂ ಆ ಶಿಕ್ಷಣದ ಮುಖ್ಯ ಭಾಗ. ಮುಂದಿನ ಬ್ರೇಕನ್ನು ಹಿಡಿದರೆ ಬಂಡಿ ಮಗುಚುವುದೆಂಬ ಭಯವು ನಮ್ಮಲ್ಲಿ ತಂದೆಯಿಂದ ಮಗನಿಗೆ ಬಂದ ಆಸ್ತಿಯಂತಿದೆ. ಬ್ರೇಕು ಹಾಕಿದ ಕೂಡಲೇ ಭಾರವು ಮುಂದಿನ ಚಕ್ರದ ಮೇಲೆ ಬಂದು ಕೂರುವುದು, ಹಿಂದಿನದು ಹಗುರವಾಗುವುದು. ಹಗುರವಾದ ಚಕ್ರವು ಸುಲಭವಾಗಿ ಜಾರುವುದೇ ಹೊರತು ನಿಲ್ಲಿಸದು. ಆದುದರಿಂದ ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ. ಅದನ್ನು ಥಟ್ಟನೆ ಕಿತ್ತು ಹಿಡಿಯದೆ, ಒದ್ದೆ ಬಟ್ಟೆಯನ್ನು ಹಿಂಡುವಂತೆ ಕ್ರಮವಾಗಿ ಬಿಗಿಗೊಳಿಸಬೇಕು, ಹಿಂದಿನದನ್ನೂ ಜೊತೆಗೆ ಒತ್ತಬೇಕು. ಹ್ಯಾಂಡಲ್ಲು ತಿರುಗಿರುವಾಗ, ಮರಳಿನ ಮೇಲೆ, ಒದ್ದೆ ಎಲೆಗಳ ಮೇಲೆ ಮಾತ್ರ ಹೆಚ್ಚಿನ ಮೃದುತ್ವ ಬೇಕು. ೨೦೧೯ರ ಏಪ್ರಿಲಿನಿಂದ ೧೨೫ ಸಿ.ಸಿ.ಗಿಂತ ಮೇಲಿನ ಹೊಸ ಬಂಡಿಗಳಿಗೆ ಚಕ್ರವು ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯನ್ನು ಕಡ್ಡಾಯ ಮಾಡಿದರು, ಸಣ್ಣವುಗಳಿಗೆ ಒಂದು ಬ್ರೇಕನ್ನು ಒತ್ತಿದರೆ ಎರಡೂ ಚಕ್ರಗಳು ಹಿಡಿಯುವ ಜೋಡಿ ಬ್ರೇಕು ಸಾಕೆಂದರು. ದೊಡ್ಡ ಬಂಡಿಯ ಪರವಾಗಿ ಹೇಳಬಹುದಾದ ನಿಜವಾದ ಮಾತು ಇದೊಂದು, ಅದನ್ನು ನಾವು ಮರೆಮಾಚುವುದಿಲ್ಲ. ಎರಡು ಬಂಡಿಗಳ ನಡುವೆ ಆರಿಸುವಾಗ ಸದ್ದಿಗೂ ಬಣ್ಣಕ್ಕೂ ಕೊಡುವ ಹಣವನ್ನು ಎ.ಬಿ.ಎಸ್.ಗೆ ಕೊಡುವ ಪೋಷಕರನ್ನು ಕಂಡರೆ ನಮಗೆ ಸಂತೋಷವೇ.

ಕಾನೂನಿನ ಮಾತನ್ನೂ ಹೇಳದೆ ವಿಧಿಯಿಲ್ಲ, ಏಕೆಂದರೆ ಒಂಬತ್ತನೆಯ ತರಗತಿಯ ಹುಡುಗರು ಬಂಡಿಯಲ್ಲಿ ಬಂದು, ನಮ್ಮ ಕಣ್ಣಿಗೆ ಬೀಳದಿರಲೆಂದು ಅದನ್ನು ಹತ್ತಿರದ ಅಂಗಡಿಯ ಹಿಂದೆ ನಿಲ್ಲಿಸುವುದು ನಮಗೆ ಗೊತ್ತಿದೆ. ಗೇರುಳ್ಳ ಬಂಡಿಗೆ ಹದಿನೆಂಟು ವರ್ಷ ತುಂಬಿರಬೇಕು. ಹದಿನಾರಕ್ಕೆ ಅನುಮತಿಯಿರುವುದು ೫೦ ಸಿ.ಸಿ. ಮೀರದ, ಗೇರಿಲ್ಲದ ಬಂಡಿಗೆ ಮಾತ್ರ. ಮೊಪೆಡ್ಡಾದರೆ ಆಗಬಹುದೆಂದು ತಿಳಿದವರು ಈಗಿನ ಟಿ.ವಿ.ಎಸ್. ಎಕ್ಸ್.ಎಲ್. ೧೦೦ರ ಎಂಜಿನು ೯೯ ಸಿ.ಸಿ.ಗೂ ಮೇಲೆಂಬುದನ್ನು ಗಮನಿಸಲಿ. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತವಯಸ್ಕನು ಬಂಡಿ ನಡೆಸಿ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ಬಂಡಿಯ ಒಡೆಯನಿಗೆ ಮೂರು ವರ್ಷದವರೆಗೆ ಸೆರೆವಾಸ, ೨೫,೦೦೦ ರೂಪಾಯಿ ದಂಡ, ಬಂಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಪರವಾನಗಿ ದೊರೆಯದು. ಮುಂದೆ ಪೊಲೀಸು ಕೆಲಸಕ್ಕೋ ಚಾಲಕನ ಕೆಲಸಕ್ಕೋ ಹೋಗಬಯಸುವ ಹುಡುಗನಿಗೆ ಇದರ ಅರ್ಥವೇನೆಂದು ಮನೆಯಲ್ಲಿ ಕುಳಿತು ಮಾತನಾಡಿರಿ. ಹೆಲ್ಮೆಟ್ಟು ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ, ಹಿಂದೆ ಕುಳಿತ ತಾಯಿಗೂ, ಕಡ್ಡಾಯ. ೨೦೨೧ರ ಜೂನಿನಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟನ್ನು ಮಾರುವುದೇ ನಿಷಿದ್ಧ. ರಸ್ತೆಬದಿಯಲ್ಲಿ ಅಗ್ಗಕ್ಕೆ ಸಿಗುವ ಪ್ಲಾಸ್ಟಿಕ್ಕಿನ ಟೋಪಿಯು ದಂಡದಿಂದ ತಪ್ಪಿಸಬಹುದು, ಡಾಂಬರಿನಿಂದ ತಪ್ಪಿಸದು.

ಹದಿನೆಂಟು ತುಂಬಿದ, ಪರವಾನಗಿಯುಳ್ಳ ಮಗನಿಗೆ ಏನನ್ನು ಕೊಡಿಸಬೇಕೆಂದು ಕೇಳುವವರಿಗೆ ನಮ್ಮ ಅಭಿಪ್ರಾಯವು ಸ್ಪಷ್ಟ. ಅವನ ದಿನದ ಓಡಾಟವು ಚಾಮರಾಜನಗರಕ್ಕೋ ಸತ್ಯಮಂಗಲಕ್ಕೋ ಕಾಲೇಜಿಗೆ ಹೋಗಿಬರುವುದಾದರೆ ನೂರರಿಂದ ನೂರೈವತ್ತು ಸಿ.ಸಿ.ಯೊಳಗಿನ ಬಂಡಿ ಸಾಕು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಇರಲಿ, ನಿಂತಾಗ ಅವನ ಎರಡು ಪಾದಗಳೂ ನೆಲಕ್ಕೆ ಊರಲಿ. ಇಬ್ಬರು ಕೂರುವ ದಿನ ಹಿಂದಿನ ಟೈರಿಗೆ ಎಷ್ಟು ಗಾಳಿ ಹೆಚ್ಚಿಸಬೇಕೆಂಬುದು ಬಂಡಿಯ ಕೈಪಿಡಿಯಲ್ಲಿಯೇ ಅಚ್ಚಾಗಿರುತ್ತದೆ, ಅದನ್ನು ಓದಿಸಿರಿ. ದೂರದ ಪ್ರವಾಸವು ವರ್ಷಕ್ಕೊಮ್ಮೆ ಬಂದರೆ ಬಸ್ಸು ಇದ್ದೇ ಇದೆ.

ಬರುವ ಬೇಸಗೆಯ ರಜೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆಗಳನ್ನು ಎಳೆಸಿ, ಇಪ್ಪತ್ತನಾಲ್ಕು ಅಡಿ ಅಗಲದಲ್ಲಿ ಕಾಲೂರದೆ ತಿರುಗುವುದನ್ನೂ ನಲವತ್ತು ಕಿಲೋಮೀಟರು ವೇಗದಿಂದ ಕ್ರಮವಾಗಿ ನಿಲ್ಲಿಸುವುದನ್ನೂ ಅಭ್ಯಾಸ ಮಾಡಲು ಸಂಘವು ಒಪ್ಪಿಗೆ ಕೊಟ್ಟಿದೆ. ಪರವಾನಗಿಯುಳ್ಳ ಹಳೆಯ ವಿದ್ಯಾರ್ಥಿಗಳೂ ಪೋಷಕರೂ ತಮ್ಮ ತಮ್ಮ ಬಂಡಿಗಳೊಡನೆ ಬರಬಹುದು. ಹೆಲ್ಮೆಟ್ಟು ಇಲ್ಲದೆ ಬಂದವರು ಕಟ್ಟೆಯ ಮೇಲೆ ಕುಳಿತು ನೋಡತಕ್ಕದ್ದು.